ಸ್ವಲ್ಪ ಹಠ

ಜೂನ್ ೩, ಮಂಗಳವಾರ

ಕೋಪ ಬಂದಾಗ ಕೂಗಾಡಬೇಡಿ, ಬರೆಯಿರಿ ಅಂದಿದ್ದಾರೆ ನಮ್ಮ ಡಾಕ್ಟರಮ್ಮ. ತೋಳಿಗೆ ಕಟ್ಟಿದ ಬಿ.ಪಿ. ಪಟ್ಟಿ ಬಿಚ್ಚುತ್ತಾ ಅಂದ ಮಾತು. ಮೈದಾ ಏಜೆಂಟ್ ವರ್ಷದ ಮೊದಲಲ್ಲಿ ಕೊಟ್ಟಿದ್ದ ಡೈರಿ ಗಲ್ಲಾದ ಕೆಳಗೆ ಹಾಗೇ ಬಿದ್ದಿತ್ತು. ಒರೆಸಿ ಮೇಲೆ ತಂದಿದ್ದೇನೆ. ಈಗ ಕೋಪ ಬಂದಿದೆ, ಬರೆಯುತ್ತಿದ್ದೇನೆ. ಕಡಿಮೆಯೇನೂ ಆಗಿಲ್ಲ.

ಆಗಿದ್ದು ಇಷ್ಟು. ನಮ್ಮ ಬೇಕರಿಯಲ್ಲಿ ಗಲ್ಲಾ ನನ್ನದು, ಒಲೆ ಇವರದು. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ಮೇಲೆ ಮನೆ. ಮಧ್ಯಾಹ್ನ ಒಬ್ಬ ನರ್ಸಮ್ಮ ಮಗನ ಹುಟ್ಟುಹಬ್ಬದ ಕೇಕ್ ತೆಗೆದುಕೊಂಡು ಹೋಗಲು ಬಂದರು. ಡಬ್ಬಿ ತೆರೆದು ತೋರಿಸಿದರೆ ಮೇಲೆ ಹೆಸರೇ ಇಲ್ಲ, ಬೋಳು ಬಿಳಿ ಕ್ರೀಮು. ಮರೆತಿರಬೇಕು ಅಂದುಕೊಂಡು ಒಳಗೆ ಕೂಗಿದೆ. ಇವರು ಏಪ್ರನ್ ಜೇಬಿನಲ್ಲಿ ಕೈ ಇಟ್ಟುಕೊಂಡೇ ಬಾಗಿಲಿಗೆ ಬಂದರು.

“ಇನ್ಮೇಲೆ ನಾನು ಕೇಕ್ ಮೇಲೆ ಹೆಸರು ಬರೆಯಲ್ಲಮ್ಮ. ನಿಮ್ಮ ಹುಡುಗನಿಗೆ ಅವನ ಹೆಸರು ಗೊತ್ತಿದೆಯಲ್ಲ, ಸಾಕು.”

ಅಷ್ಟು ಹೇಳಿ ಒಳಗೆ ಹೋದರು. ನರ್ಸಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಈ ಊರಿನಲ್ಲಿ ನಮ್ಮ ಕೇಕ್ ತಿನ್ನಲು ಬರುವವರು ಕಡಿಮೆ, ಇವರ ಅಕ್ಷರ ನೋಡಲು ಬರುವವರೇ ಜಾಸ್ತಿ. ಬಟರ್ ಪೇಪರ್ ಸುತ್ತಿ ಕೋನ್ ಮಾಡಿ, ತುದಿಯನ್ನು ಹಲ್ಲಿನಿಂದ ಇಷ್ಟೇ ಇಷ್ಟು ಕಚ್ಚಿ, ಒಂದೇ ಉಸಿರಿಗೆ ಹೆಸರು ಬರೆದು ಮುಗಿಸುತ್ತಿದ್ದರು. ಹೆಸರಿದ್ದ ಕಡೆ ಚಾಕು ಹಾಕಲು ಮನಸ್ಸು ಬರಲ್ಲ ಎಂದು ಗಿರಾಕಿಗಳು ಅಂಚಿನಿಂದ ಕತ್ತರಿಸುತ್ತಾ ಬರುತ್ತಿದ್ದರಂತೆ. ಅಂಥ ಮನುಷ್ಯ ಇವತ್ತು ಬೆಳಿಗ್ಗೆ ಎದ್ದು, ಯಾರನ್ನೂ ಕೇಳದೆ, ಬರೆಯಲ್ಲ ಅಂತಾರೆ.

ಮದುವೆಯಾದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ನನ್ನ ಮಗ ಚಿನ್ನದಂಥವನು ಕಣಮ್ಮ, ಸ್ವಲ್ಪ ಹಠ ಅಷ್ಟೇ. ಆ ‘ಸ್ವಲ್ಪ’ದ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಒಂದು ಸಲ ಬಸ್ಸಿನಲ್ಲಿ ಛತ್ರಿ ಬಿಟ್ಟು ಬಂದರು. ನನ್ನನ್ನು ಬಿಟ್ಟುಹೋದ ವಸ್ತು ನನಗೆ ಬೇಡ ಎಂದು ಇವತ್ತಿನವರೆಗೂ ಇನ್ನೊಂದು ಛತ್ರಿ ಕೊಂಡಿಲ್ಲ. ಮಳೆಯಲ್ಲಿ ತಲೆ ಮೇಲೆ ಟ್ರೇ ಹಿಡಿದುಕೊಂಡು ಬರುತ್ತಾರೆ.

ಜೂನ್ ೫, ಗುರುವಾರ

ಇನ್ನೂ ಅದೇ ಪಟ್ಟು. ಇವತ್ತು ಇಬ್ಬರು ಗಿರಾಕಿಗಳು ಆರ್ಡರ್ ಕೊಡದೆ ವಾಪಸ್ ಹೋದರು.

ನಮ್ಮಲ್ಲಿ ದಿನಾ ಅರ್ಧ ಪೌಂಡ್ ಬ್ರೆಡ್ ಒಯ್ಯುವ ಒಬ್ಬ ಮೇಷ್ಟ್ರಿದ್ದಾರೆ. ನಾವು ಅವರಿಗೆ ಅರ್ಧ ಪೌಂಡ್ ಮೇಷ್ಟ್ರು ಅಂತಲೇ ಅನ್ನುವುದು. ಸುದ್ದಿ ಕೇಳಿ ಅವರಿಗೆ ಖುಷಿಯೋ ಖುಷಿ. ಅದು ಹಠ ಅಲ್ಲಮ್ಮ, ತತ್ವ ಅಂದರು. ತಿನ್ನುವ ವಸ್ತುವಿನ ಮೇಲೆ ಹೆಸರು ಬರೆಯುವುದು ತಪ್ಪು ಎಂದು ತಮಗೂ ಅನ್ನಿಸುತ್ತಿತ್ತಂತೆ. ನಾನು ಬ್ರೆಡ್ ಕಟ್ಟಿ ಕೊಟ್ಟೆ. ಪಕ್ಕದ ಮನೆಯವರ ಗಂಡ ಮಾಡಿದರೆ ತತ್ವ, ನಮ್ಮ ಗಂಡ ಮಾಡಿದರೆ ಹಠ.

ಅವರು ಹೋದ ಮೇಲೆ ಬನ್ನು ಜೋಡಿಸುತ್ತಾ ಅದನ್ನೇ ಯೋಚಿಸಿದೆ. ಈ ಒಂದು ಗುಣಕ್ಕೆ ನಾವು ಎಷ್ಟು ಹೆಸರಿಟ್ಟಿದ್ದೇವೆ. ಮಗು ನೆಲದ ಮೇಲೆ ಬಿದ್ದು ಹೊರಳಾಡಿದರೆ ಹಠ. ಅದೇ ಮಗು ದೊಡ್ಡದಾಗಿ, ಮತ್ತೆ ಮತ್ತೆ ಫೇಲಾಗಿ ಕೊನೆಗೆ ಪಾಸಾದರೆ ಛಲ. ಪಾಸಾಗದಿದ್ದರೆ ಮೊಂಡುತನ. ಎದುರುಬದುರು ಅಂಗಡಿಯವರು ಮಾಡಿದರೆ ಜಿದ್ದು. ವಯಸ್ಸಾದವರು ಮಾಡಿದರೆ ಅರಳುಮರಳು. ಹೆಂಗಸು ಮಾಡಿದರೆ ಯಾರೂ ಪದ ಹುಡುಕುತ್ತಾ ಕೂರುವುದಿಲ್ಲ, ಹಠಮಾರಿ ಅಂದು ಮುಗಿಸುತ್ತಾರೆ. ಇವರದಕ್ಕೆ ಯಾವುದು ಅಂತ ನೋಡಿದೆ. ಛಲ ಅನ್ನಲು ಗೆದ್ದದ್ದೇನೂ ಇಲ್ಲ. ಜಿದ್ದು ಅನ್ನಲು ಎದುರಿಗೆ ಯಾರೂ ಇಲ್ಲ, ನನ್ನನ್ನು ಬಿಟ್ಟರೆ. ನಮ್ಮತ್ತೆ ಕೊಟ್ಟ ಪದವೇ ಸರಿ.

ಇನ್ನೊಂದು ಮಾತು. ಹಠ ಜ್ವರದ ಹಾಗೆ ತಾನಾಗಿ ಬರುವಂಥದ್ದಲ್ಲ. ಬೇಕೆಂದೇ ಮಾಡುವುದು. ಬೇಡ ಅನ್ನಿಸಿದರೆ ಈ ಕ್ಷಣ ಬಿಡಬಹುದು. ಬಿಡಬಹುದಾದದ್ದನ್ನು ಬಿಡುವುದಿಲ್ಲವಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು.

ಜೂನ್ ೯, ಸೋಮವಾರ

ಈಗ ಟೀ ಬಿಟ್ಟಿದ್ದಾರೆ.

ಸಂಜೆ ನಾಲ್ಕಕ್ಕೆ ಒಲೆ ಸ್ವಲ್ಪ ತಣ್ಣಗಾಗುವ ಹೊತ್ತು. ಅಂಗಡಿಯಲ್ಲೂ ಜನ ಇರುವುದಿಲ್ಲ. ಹಿಟ್ಟಿನ ಮೂಟೆಗಳ ಮೇಲೆ ಕೂತು ಇಬ್ಬರೂ ಟೀ ಕುಡಿಯುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ದಿನದಲ್ಲಿ ನಾವು ಜಗಳವಲ್ಲದ ಮಾತಾಡುವುದು ಆಗ ಮಾತ್ರ. ಸ್ವಲ್ಪ ದಿನದಿಂದ ಲೋಟ ಪಕ್ಕದಲ್ಲಿಟ್ಟುಕೊಂಡು ಆರಲಿ, ಆರಲಿ ಅನ್ನುತ್ತಿದ್ದರು. ಗಿರಾಕಿ ಬಂದರೆಂದು ನಾನು ಎದ್ದು ಹೋಗಿ ಬರುವಷ್ಟರಲ್ಲಿ ಲೋಟ ಖಾಲಿ. ಇವತ್ತು ಅದೂ ಇಲ್ಲ. ಎದೆ ಉರಿಯುತ್ತೆ, ಟೀ ಬಿಟ್ಟೆ ಅಂದರು. ಹೆಸರು ಬರೆಯುವುದನ್ನು ಬಿಟ್ಟ ಹಾಗೆಯೇ, ಎರಡೇ ಮಾತು.

ಸಿಟ್ಟಿಗೆ ಎರಡು ಲೋಟವನ್ನೂ ನಾನೇ ಕುಡಿದೆ. ನನಗೂ ಎದೆ ಉರಿಯಿತು.

ಜೂನ್ ೧೪, ಶನಿವಾರ

ಬಾವ ಬಂದಿದ್ದರು, ಇವರ ಅಣ್ಣ. ಮಗಳು ಕಳಿಸಿದ್ದ ಹೊಸ ಷರ್ಟು ಹಾಕಿಕೊಂಡು ಕೂರಿ, ಅಣ್ಣ ಬಂದಿದ್ದಾರೆ ಅಂದೆ. ಹಾಕಿಕೊಳ್ಳಲಿಲ್ಲ. ಗುಂಡಿ ಇರುವ ಬಟ್ಟೆ ಹಾಕಿದರೆ ಕತ್ತು ಹಿಸುಕಿದ ಹಾಗಾಗುತ್ತಂತೆ. ಜೀವಮಾನವೆಲ್ಲ ಹಾಕಿದವರಿಗೆ ಇವತ್ತು ಕತ್ತು ನೆನಪಾಯಿತು. ತಲೆಯ ಮೇಲಿಂದ ಎಳೆದು ತೊಡುವ ಹಳೇ ಬನಿಯನ್ನಿನಲ್ಲೇ ಕೂತಿದ್ದರು. ಬಾವ ನನ್ನ ಕಡೆ ತಿರುಗಿ, ನಮ್ಮಪ್ಪನೂ ಇವನಷ್ಟು ಮೊಂಡ ಇರಲಿಲ್ಲ ಕಣಮ್ಮ ಅಂದರು. ಇವರು ನಕ್ಕರು. ಹೊಗಳಿದರೆ ನಗುವ ಹಾಗೆ ನಕ್ಕರು. ಬೈಸಿಕೊಂಡು ಖುಷಿಪಡುವವರನ್ನು ಇಟ್ಟುಕೊಂಡು ನಾನೇನು ಮಾಡಲಿ.

ಜೂನ್ ೨೦, ಶುಕ್ರವಾರ

ಮಗಳು ಫೋನ್ ಮಾಡಿದಳು. ಮುಂದಿನ ತಿಂಗಳು ಇಪ್ಪತ್ತಕ್ಕೆ ಮೊಮ್ಮಗಳಿಗೆ ವರ್ಷ ತುಂಬುತ್ತದೆ. ಬೀಗರು, ಅಳಿಯನ ಆಫೀಸಿನವರು ಎಲ್ಲ ಬರುತ್ತಾರೆ. ಕೇಕ್ ಅಪ್ಪನದೇ ಆಗಬೇಕು, ಹೆಸರು ಅಪ್ಪನೇ ಬರೆಯಬೇಕು ಅಂದಳು.

ಹೆಸರು ಬರೆಯುತ್ತೇನೆಂದು ಹಿಂದೆ ಇವರೇ ಬಾಯಿಬಿಟ್ಟು ಹೇಳಿದ್ದು. ಮಗಳು ತನಗೆ ಬೇಕಾದವನನ್ನು ತಾನೇ ನೋಡಿಕೊಂಡು ಮದುವೆಯಾದಳೆಂದು ಇವರು ಅವಳ ಜೊತೆ ಮಾತು ಬಿಟ್ಟಿದ್ದರು. ಮದುವೆಗೂ ಬರಲಿಲ್ಲ. ನಾನು ಅತ್ತೂ ಕರೆದೂ ನೋಡಿದೆ, ಜಪ್ಪಯ್ಯ ಅಂದರೂ ಕದಲಲಿಲ್ಲ. ಆಮೇಲೆ ಮಗು ಹುಟ್ಟಿದ ದಿನ, ಯಾರೂ ಕರೆಯದೆ, ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಮಗುವನ್ನು ಎತ್ತಿಕೊಂಡು, ನಿನ್ನ ಮೊದಲನೇ ಹುಟ್ಟುಹಬ್ಬಕ್ಕೆ ನಾನೇ ಹೆಸರು ಬರೀತೀನಿ ಕಣೇ ಅಂದಿದ್ದರು. ಮಗಳು ಮಲಗಿದ್ದಲ್ಲೇ ಗೊಳೋ ಎಂದು ಅತ್ತಿದ್ದಳು. ಅವಳಿಗೆ ಅದು ಕ್ಷಮೆ ಕೇಳಿದ ಹಾಗೆ.

ಈಗ ಫೋನ್ ಇವರ ಕಿವಿಗೆ ಹಿಡಿದೆ. ಕೇಕ್ ಮಾಡ್ತೀನಿ, ಹೆಸರು ಬರೆಯಲ್ಲ, ಆ ಕೆಲಸ ಬಿಟ್ಟಿದೀನಿ ಅಂದರು. ಆ ಕಡೆ ಮಗಳ ನಗು ನಿಂತಿತು. ಆಮೇಲೆ ಫೋನ್ ನನಗೆ ಬಂತು.

“ಅಮ್ಮಾ, ಹೋದ ತಿಂಗಳು ಬಂದಾಗ್ಲೂ ಅಪ್ಪ ಮಗೂನ ಎತ್ಕೊಳ್ಳಲಿಲ್ಲ. ಅಳುತ್ತೆ ಅಂತ ದೂರಾನೇ ಕೂತಿದ್ರು. ನಾನು ಆಗ್ಲೇ ಅಂದ್ಕೊಂಡೆ. ಅಪ್ಪನಿಗೆ ಇನ್ನೂ ಕೋಪ ಹೋಗಿಲ್ಲ ಅಲ್ವಾ?”

ಇಲ್ಲಮ್ಮ, ಹಾಗೇನಿಲ್ಲ, ನಾನು ಬರೆಸ್ತೀನಿ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ.

ಜೂನ್ ೨೧, ಶನಿವಾರ

ಕೇಳಿದೆ. ಇಲ್ಲ ಅಂದರು. ಬೇಡಿಕೊಂಡೆ. ಇಲ್ಲ ಅಂದರು. ಮಗಳು ಮತ್ತೆ ಕೈತಪ್ಪಿ ಹೋಗುತ್ತಾಳೆ ಅಂದೆ. ಎದ್ದು ಹೋಗಿ ಒಲೆಯ ಬೂದಿ ತೆಗೆಯುತ್ತಾ ಕೂತರು.

ಜೂನ್ ೨೮, ಶನಿವಾರ

ವಾರದಿಂದ ನಾನೂ ಮಾತು ಬಿಟ್ಟಿದ್ದೇನೆ. ಹಠಕ್ಕೆ ಹಠ. ಇವರಿಗೆ ಅದರ ಅಭ್ಯಾಸವಿದೆ, ನನಗಿಲ್ಲ. ಒಲೆಯ ಹತ್ತಿರ ಹೋಗಿ ಗಾಳಿಗೆ ಹೇಳುತ್ತೇನೆ, ಬ್ರೆಡ್ ಮುಗಿದಿದೆ ಅಂತ. ಇವರೂ ಗಾಳಿಗೇ ಹೇಳುತ್ತಾರೆ, ಈಗ ಬರುತ್ತೆ ಅಂತ. ಅರ್ಧ ಪೌಂಡ್ ಮೇಷ್ಟ್ರು, ಯಾರ ಜೊತೆ ಮಾತಾಡ್ತಿದೀರಮ್ಮ ಎಂದು ಕೇಳಿದರು. ಬನ್ನಿನ ಜೊತೆ ಅಂದೆ.

ನಾಲ್ಕು ಗಂಟೆಗೆ ಮೂಟೆ ಮೇಲೆ ಒಬ್ಬಳೇ ಕೂರುವುದು ತುಂಬಾ ಕಷ್ಟ. ಇದನ್ನು ಬೇರೆ ಯಾರಿಗೂ ಹೇಳಲಾರೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಜುಲೈ ೨, ಬುಧವಾರ

ಇವರು ಬರೆಯದಿದ್ದರೆ ಹೋಗಲಿ, ನಾನೇ ಬರೆಯುತ್ತೇನೆ ಅಂದುಕೊಂಡೆ. ಮೂರಕ್ಷರದ ಹೆಸರು, ಅದೇನು ಮಹಾ. ಮಗಳಿಗೆ ಯಾರು ಬರೆದರೆಂದು ಗೊತ್ತಾಗುವುದಿಲ್ಲ.

ಕಲಿಯುವವರು ಟ್ರೇಯನ್ನು ಬೋರಲು ಹಾಕಿ ಅದರ ಬೆನ್ನ ಮೇಲೆ ಬರೆದು ಒರೆಸಿ, ಬರೆದು ಒರೆಸಿ ಕೈ ಪಳಗಿಸಿಕೊಳ್ಳಬೇಕು. ನಾನೂ ಹಾಗೇ ಮಾಡಿದೆ. ಮೊದಲನೇ ಅಕ್ಷರ ಊದಿಕೊಂಡಿತು, ಎರಡನೆಯದು ಬಾಲ ಬಿಟ್ಟಿತು, ಮೂರನೆಯದನ್ನು ಗುರುತು ಹಿಡಿಯಲು ಹೆತ್ತ ತಾಯಿಯೇ ಬರಬೇಕಿತ್ತು. ತಿರುಗಿ ನೋಡಿದರೆ ಇವರು ಹಿಂದೆ ನಿಂತಿದ್ದಾರೆ. ನಾವು ಮಾತು ಬಿಟ್ಟದ್ದು ಇಬ್ಬರಿಗೂ ಮರೆತುಹೋಯಿತು.

ಮೊಣಕೈ ಮೇಜಿಗೆ ಊರು ಅಂದರು. ಕೋನಿನ ಬಾಯಿ ಕ್ರೀಮಿಗೆ ತಾಗಿಸಬೇಡ, ಮೇಲಿಂದ ಇಳಿ ಬಿಡು ಅಂದರು. ಉಸಿರು ಹಿಡಿದುಕೋ, ಅಕ್ಷರ ಮುಗಿದ ಮೇಲೆ ಬಿಡು ಅಂದರು. ಎಷ್ಟು ಆಸೆಯಿಂದ ಹೇಳುತ್ತಿದ್ದರೆಂದರೆ, ಸದ್ಯ, ದಾರಿಗೆ ಬಂದರು ಎಂದು ನಾನು ಒಳಗೊಳಗೇ ಹಿಗ್ಗಿದೆ. ನನ್ನ ಕೈ ಹಿಡಿದು ತಿದ್ದಲು ತಮ್ಮ ಕೈ ಚಾಚಿದರು. ಅರ್ಧದಾರಿಗೆ ಬಂದ ಕೈಯನ್ನು ವಾಪಸ್ ಎಳೆದುಕೊಂಡು ಏಪ್ರನ್ ಜೇಬಿಗೆ ತುರುಕಿದರು.

“ನಿನಗೆ ಬರಲ್ಲ ಬಿಡು,” ಅಂದರು.

ನಾನು ಕೋನನ್ನು ಟ್ರೇ ಮೇಲೆ ಕುಕ್ಕಿ ಎದ್ದು ಬಂದೆ. ತಾವೂ ಬರೆಯುವುದಿಲ್ಲ, ಬರೆಯುವವರಿಗೆ ಕೈ ಹಿಡಿದು ಕಲಿಸುವುದೂ ಇಲ್ಲ. ಇಷ್ಟೊಂದು ಹಠ ಮನುಷ್ಯರಿಗೆ ಇರಬಾರದು.

ಜುಲೈ ೬, ಭಾನುವಾರ

ಇವತ್ತು ಅಂಗಡಿ ರಜ. ಮಧ್ಯಾಹ್ನ ಮಗುವಿಗೆ ಫ್ರಾಕ್ ತರಲು ಹೋದವಳು ಅಳತೆ ಬರೆದ ಚೀಟಿ ಮರೆತೆನೆಂದು ಅರ್ಧದಾರಿಯಿಂದ ವಾಪಸ್ ಬಂದೆ. ಹಿಂದಿನ ಬಾಗಿಲು ತೆರೆದಿತ್ತು.

ಕೆಲಸದ ಕೋಣೆಯ ಮೇಜಿನ ತುಂಬ ಟ್ರೇಗಳನ್ನು ಬೋರಲು ಹಾಕಿದ್ದರು. ಎಲ್ಲದರ ಬೆನ್ನ ಮೇಲೂ ಮೊಮ್ಮಗಳ ಹೆಸರು. ಇವರು ನನಗೆ ಬೆನ್ನು ಮಾಡಿ ಕೂತಿದ್ದರು. ಬಲಗೈಯ ಮಣಿಕಟ್ಟಿಗೆ ಟವೆಲ್ ಬಿಗಿಯಾಗಿ ಸುತ್ತಿ, ಅದನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಬರೆಯುತ್ತಿದ್ದರು. ಕೋನಿನ ತುದಿ ನಿಲ್ಲುತ್ತಿರಲಿಲ್ಲ. ಒಂದು ಗೆರೆಯೂ ಗೆರೆಯಾಗಿರಲಿಲ್ಲ, ನೀರಿನೊಳಗೆ ಕಂಡ ಹಾಗೆ ಎಲ್ಲ ಅಕ್ಷರಗಳೂ ನಡುಗುತ್ತಿದ್ದವು. ಬರೆದದ್ದನ್ನು ನೋಡುವರು, ಸೌಟಿನಿಂದ ಕೆರೆದು ಬಟ್ಟಲಿಗೆ ಹಾಕುವರು, ಮತ್ತೆ ಬರೆಯುವರು. ಬಟ್ಟಲು ತುಂಬಿತ್ತು.

ನಾನು ಸದ್ದಿಲ್ಲದೆ ಹೊರಗೆ ಬಂದೆ. ಬೀದಿಯ ತುದಿಯವರೆಗೆ ಹೋಗಿ ಹಿಂದಿರುಗಿದೆ. ಮುಂದಿನ ಬಾಗಿಲಿನ ಚಿಲಕ ಬೇಕೆಂದೇ ಜೋರಾಗಿ ಅಲ್ಲಾಡಿಸಿದೆ. ಒಳಗೆ ಟ್ರೇಗಳ ಸದ್ದಾಯಿತು. ನಾನು ಹೋಗುವಷ್ಟರಲ್ಲಿ ಎಲ್ಲ ತೊಳೆದು ಕೈ ಒರೆಸಿಕೊಳ್ಳುತ್ತಿದ್ದರು. ಕ್ರೀಮು ಹುಳಿಯಾಗಿತ್ತು, ಚೆಲ್ಲಿದೆ ಅಂದರು.

ಸರಿ ಅಂದೆ.

ಜುಲೈ ೭, ಸೋಮವಾರ

ಟೀ. ಷರ್ಟಿನ ಗುಂಡಿ. ಅಳುತ್ತೆ ಎಂದು ಎತ್ತಿಕೊಳ್ಳದ ಮಗು. ಜೇಬಿನಿಂದ ಹೊರಗೆ ಬರದ ಕೈ. ಎಲ್ಲ ನನ್ನ ಕಣ್ಣೆದುರಿಗೇ ಇತ್ತು. ಅತ್ತೆ ಕೊಟ್ಟ ಪದ ಬಾಯಲ್ಲಿ ಸಿದ್ಧವಾಗಿದ್ದುದರಿಂದ ನಾನು ನೋಡುವ ಗೋಜಿಗೇ ಹೋಗಲಿಲ್ಲ. ಹಿಂದಿನ ಪುಟ ತಿರುಗಿಸಿದೆ. ಹಠ ಜ್ವರದ ಹಾಗೆ ತಾನಾಗಿ ಬರುವುದಲ್ಲ ಎಂದು ಬುದ್ಧಿವಂತಳ ಹಾಗೆ ಬರೆದಿದ್ದೇನೆ. ಇದು ತಾನಾಗಿ ಬಂದದ್ದೇ. ಬಿಡು ಅಂದರೆ ಬಿಡುವಂಥದ್ದಲ್ಲ.

ಬಿ.ಪಿ. ತೋರಿಸುವ ನೆಪದಲ್ಲಿ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ನಡುಕದಲ್ಲಿ ಬೇರೆ ಬೇರೆ ಬಗೆ ಇದೆ, ನೋಡದೆ ಏನೂ ಹೇಳುವ ಹಾಗಿಲ್ಲ, ಕೆಲವಕ್ಕೆ ಮಾತ್ರೆಯಿಂದ ಕಡಿಮೆಯಾಗುತ್ತೆ, ಕರೆದುಕೊಂಡು ಬನ್ನಿ ಅಂದರು. ಕರೆದರೆ ಬರುವ ಮನುಷ್ಯನೇ ಅದು? ನಾನು ನಕ್ಕೆ. ನಗುತ್ತಿದ್ದವಳು ಅವರೆದುರೇ ಅತ್ತುಬಿಟ್ಟೆ. ಬಿ.ಪಿ. ನೋಡಿದರು. ಜಾಸ್ತಿ ಇತ್ತು.

ಜುಲೈ ೧೨, ಶನಿವಾರ

ತಲೆ ಸುತ್ತುತ್ತೆ, ಒಬ್ಬಳೇ ಹೋಗಲು ಹೆದರಿಕೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ನನ್ನ ತೋಳು ಹಿಡಿದು ರಸ್ತೆ ದಾಟಿಸಿದರು. ಆ ಕೈ ನನ್ನ ತೋಳಿನ ಮೇಲೆ ಸಣ್ಣಗೆ ಅದುರುತ್ತಲೇ ಇತ್ತು. ಇಷ್ಟು ದಿನ ಎಲ್ಲಿದ್ದೆ ನಾನು?

ಡಾಕ್ಟರಮ್ಮ ಜಾಣೆ. ನನ್ನನ್ನು ನೋಡಿದ ಹಾಗೆ ಮಾಡಿ, ಮಾತಿನ ಮಧ್ಯೆ ಇವರ ಕಡೆ ಒಂದು ಕಾಗದ, ಪೆನ್ನು ಸರಿಸಿದರು. ನಿಮ್ಮ ಅಡ್ರೆಸ್ ಬರೆದುಕೊಡಿ ಯಜಮಾನರೇ ಅಂದರು. ಇವರು ಪೆನ್ನು ನೋಡಿದರು. ನನ್ನನ್ನು ನೋಡಿದರು. ನಾನು ಬರೆಯಲ್ಲ, ಕಾಯಿಲೆ ಇರೋದು ಇವಳಿಗೆ ಅಂದವರೇ ಎದ್ದು ಹೊರಗೆ ನಡೆದರು. ಡಾಕ್ಟರಮ್ಮ ನನ್ನ ಕಡೆ ನೋಡಿ ಕೈಚೆಲ್ಲಿದರು.

ನಾನೂ ಹಿಂದೆಯೇ ಹೋದೆ. ಹಣ್ಣಿನ ಗಾಡಿ ದಾಟಿದ ಮೇಲೆ, ಯಾವಾಗ ನೋಡಿದೆ ಎಂದು ಕೇಳಿದರು. ಭಾನುವಾರ ಅಂದೆ. ತಲೆಯಾಡಿಸಿದರು. ಮಾತ್ರೆಯಿಂದ ಕಡಿಮೆಯಾಗಬಹುದಂತೆ ಅಂದೆ. ಆಗದೇನೂ ಇರಬಹುದಲ್ಲ ಅಂದರು. ಮಗಳಿಗೊಬ್ಬಳಿಗೆ ಹೇಳೋಣ, ಅವಳು ತಪ್ಪು ತಿಳ್ಕೊಂಡಿದಾಳೆ ಅಂದೆ. ಆಗ ನಡೆಯುವುದನ್ನು ನಿಲ್ಲಿಸಿದರು.

“ಬರೆಯಲ್ಲ ಅಂದ್ರೆ ಜನ ಹಠಮಾರಿ ಅಂತಾರೆ. ಬರೆಯೋಕಾಗಲ್ಲ ಅಂದ್ರೆ ಪಾಪ ಅಂತಾರೆ. ನಾನು ಹುಟ್ಟಿದಾಗಿಂದ ಹಠಮಾರಿ ಅನ್ನಿಸ್ಕೊಂಡೇ ಬಂದಿದೀನಿ, ಅದು ನಂಗೆ ಅಭ್ಯಾಸ. ಪಾಪ ಅನ್ನಿಸ್ಕೊಂಡು ಅಂಗಡೀಲಿ ನಿಲ್ಲೋಕೆ ನನ್ನ ಕೈಲಾಗಲ್ಲ. ಮಗಳ ಬಾಯಲ್ಲಂತೂ ಬೇಡವೇ ಬೇಡ. ನೀನು ಹೇಳ್ಬೇಡ.”

ಹೇಳಲ್ಲ ಅಂದೆ. ಅಂದ ಕೂಡಲೇ ತಪ್ಪಾಯಿತು ಅನ್ನಿಸಿತು. ಇವರ ಮಾತು ಉಳಿಸಿದರೆ ಮಗಳು ಹೋಗುತ್ತಾಳೆ. ಮಗಳನ್ನು ಉಳಿಸಿದರೆ ಇವರು ಅಂಗಡಿಯ ಬಾಗಿಲಿಗೆ ಇನ್ನೊಂದು ದಿನ ಬರುವುದಿಲ್ಲ. ಕೈ ಕೈ ಹಿಸುಕಿಕೊಂಡು ಕೂತಿದ್ದೇನೆ.

ಜುಲೈ ೧೯, ಶನಿವಾರ

ಕೇಕ್ ಆಗಿದೆ. ಎರಡು ಅಂತಸ್ತು. ಕ್ರೀಮು ಬಳಿಯುವಾಗ ಅಗಲದ ಚಾಕು ತಾವು ಹಿಡಿದು, ತಿರುಗಣೆಯ ಮೇಲೆ ಕೇಕನ್ನು ತಿರುಗಿಸುವ ಕೆಲಸ ನನಗೆ ಕೊಟ್ಟರು. ಚಾಕುವನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಿಂತರು, ನಾನು ತಿರುಗಿಸಿದೆ. ಅವರು ಅಲ್ಲಾಡದಿದ್ದರೆ ಸಾಕು, ಉಳಿದದ್ದು ತಿರುಗಣೆಯೇ ಮಾಡುತ್ತದೆ. ಮೇಲ್ಭಾಗ ಕನ್ನಡಿಯಂತೆ ಬಂತು. ಮಧ್ಯದಲ್ಲಿ ಹೆಸರಿನ ಜಾಗ ಖಾಲಿ.

ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದರು. ನಾನು ಡಬ್ಬಿ ತಂದಿಟ್ಟೆ.

ಜುಲೈ ೨೦, ಭಾನುವಾರ

ಬಂದ ಕೂಡಲೇ ಬರೆಯಲು ಕೂತಿದ್ದೇನೆ.

ಮಗಳ ಮನೆಯ ತುಂಬ ಜನ. ಬಲೂನು, ದೀಪ, ಮಕ್ಕಳ ಗದ್ದಲ. ಮಗಳು ಡಬ್ಬಿ ತೆರೆದಳು. ತೆರೆಯುವವರೆಗೂ ಅವಳಿಗೆ ಒಂದು ನಂಬಿಕೆ ಇತ್ತು, ಅಪ್ಪ ಆಟವಾಡಿಸುತ್ತಿದ್ದಾರೆ, ಬರೆದೇ ಇರುತ್ತಾರೆ ಅಂತ. ಅವಳ ಮುಖದಲ್ಲೇ ಗೊತ್ತಾಯಿತು. ಬೀಗಿತ್ತಿ ಬಗ್ಗಿ ನೋಡಿ, ಹೆಸರು ಬರೆಸಲಿಲ್ವಾ, ನೀವೇ ಬೇಕರಿಯವರಲ್ವಾ ಎಂದು ಕೇಳಿದರು. ಬೇಕೆಂದು ಚುಚ್ಚಿದ್ದಲ್ಲ, ಸುಮ್ಮನೆ ಕೇಳಿದ್ದು.

ಮಗಳು ಮಗುವನ್ನು ಎತ್ತಿಕೊಂಡು ಬಂದು ಇವರ ಮುಂದೆ ಹಿಡಿದಳು. ಹೋಗಲಿ ಅಪ್ಪ, ಎತ್ಕೊಂಡು ಕೇಕ್ ಕಟ್ ಮಾಡಿಸಿ ಅಂದಳು. ಎಲ್ಲರೂ ನೋಡುತ್ತಿದ್ದರು, ಯಾರೋ ಫೋಟೋಗೆ ಫೋನ್ ಎತ್ತಿ ಹಿಡಿದಿದ್ದರು. ಮಗು ತಾನೇ ಎರಡು ಕೈ ಚಾಚಿತು. ಇವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಬೇಡ ಅಂದರು.

ಮಗಳು ನನ್ನ ಕಡೆ ತಿರುಗಿದಳು. “ಅಮ್ಮಾ, ಏನಮ್ಮಾ ಇದು?”

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಇವರು ನನ್ನನ್ನು ನೋಡುತ್ತಿದ್ದರು. ಒಲೆಯ ಮುಂದೆ, ಜಗಳದಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೂ ಈ ಮನುಷ್ಯ ನನ್ನನ್ನು ಹಾಗೆ ನೋಡಿರಲಿಲ್ಲ.

“ನಿಮ್ಮಪ್ಪನ ಹಠ ನಿಂಗೆ ಗೊತ್ತಿಲ್ವಾ?” ಅಂದೆ. ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಅಂದೆ. “ಒಂದ್ಸಲ ಬೇಡ ಅಂದ್ರೆ ಮುಗೀತು. ನಾನು ಬಡ್ಕೊಂಡು ಬಡ್ಕೊಂಡು ಸಾಕಾಗಿದೀನಿ. ಹಠ ಅಂದ್ರೆ ಹಠ.”

ನಾಲ್ಕು ಜನ ನಕ್ಕರು. ವಯಸ್ಸಾದ ಮೇಲೆ ಎಲ್ಲರೂ ಹೀಗೇ ಎಂದು ಬೀಗರು ತಮ್ಮ ಕಥೆ ಶುರುಮಾಡಿದರು. ಇವರ ಭುಜ ಇಳಿಯಿತು, ಉಸಿರು ಬಿಟ್ಟರು. ಮಗಳು ಮಾತ್ರ ನಗಲಿಲ್ಲ. ಮಗುವಿನ ಕೈಗೆ ತಾನೇ ಚಾಕು ಹಿಡಿಸಿ, ಹೆಸರಿರಬೇಕಾಗಿದ್ದ ಕಡೆಗೇ ನೇರವಾಗಿ ಇಳಿಸಿದಳು. ನಾವು ಹೊರಡುವಾಗ ಬಾಗಿಲವರೆಗೂ ಬರಲಿಲ್ಲ.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಅತ್ತರು. ನಾನು ನೋಡದವಳ ಹಾಗೆ ಕೂತಿದ್ದೆ.

ಜುಲೈ ೨೪, ಗುರುವಾರ

ಬೆಳಿಗ್ಗೆ ಆ ನರ್ಸಮ್ಮ ಮತ್ತೆ ಬಂದಿದ್ದರು, ಈ ಸಲ ಗಂಡನ ಹುಟ್ಟುಹಬ್ಬ. ಈಗಲಾದರೂ ಹೆಸರು ಬರೆದುಕೊಡ್ತಾರಾ ಎಂದು ಕೇಳಿದರು. ಇವರು ಒಳಗಿಂದ ಬರುವ ಮೊದಲೇ ನಾನು ಹೇಳಿದೆ, ಬರೆಯಲ್ಲಮ್ಮ, ಇವರದ್ದು ಭಾರೀ ಹಠ, ಇಂಥವರು ಸಿಕ್ಕಿದ್ದು ನನ್ನ ಹಣೆಬರಹ. ಅವರು ನಗುತ್ತಾ ಬೋಳು ಕೇಕನ್ನೇ ಒಯ್ದರು. ಅರ್ಧ ಪೌಂಡ್ ಮೇಷ್ಟ್ರಿಗೂ ಅದನ್ನೇ ಹೇಳಿದೆ. ತತ್ವ ಅಂದರು. ಇರಲಿ, ಅದೂ ಒಳ್ಳೆಯ ಪದವೇ.

ನಾಲ್ಕು ಗಂಟೆಗೆ ಬಾಗಿಲನ್ನು ಅರ್ಧ ಎಳೆದು ಟೀ ಮಾಡಿದೆ. ಬಿಟ್ಟಿದೀನಿ ಅಂದ್ನಲ್ಲ ಅಂದರು. ಅರ್ಧ ಲೋಟ ಮಾತ್ರ ತುಂಬಿಸಿ, ಲೋಟದ ತಳವನ್ನು ನಾನು ಹಿಡಿದುಕೊಂಡೆ. ಅವರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಗ್ಗಿ ಕುಡಿದರು. ಸಕ್ಕರೆ ಕಡಿಮೆ ಅಂದರು. ಡಾಕ್ಟರಮ್ಮನ ಹತ್ತಿರ ಇನ್ನೊಂದು ಸಲ ಹೋಗೋಣವಾ ಎಂದು ಕೇಳಿದೆ. ಇಲ್ಲ ಅಂದರು. ನಾಳೆಯೂ ಕೇಳುತ್ತೇನೆ.

ಆಗಲೇ ಮಗಳ ಫೋನು. ಭಾನುವಾರದಿಂದ ನಾನು ಮಾಡಿದಾಗಲೆಲ್ಲ ಎತ್ತಿರಲಿಲ್ಲ. ಬಾಗಿಲಿಗೆ ಹೋಗಿ ಮಾತಾಡಿದೆ. ಕೂಗಾಡಲಿಲ್ಲ, ಮೆಲ್ಲಗೆ ಕೇಳಿದಳು. ಅಪ್ಪನಿಗೆ ನನ್ನ ಮಗು ಯಾಕೆ ಬೇಡ, ನಿನಗೆ ಗೊತ್ತಿದೆ, ನಿನ್ನ ದನೀಲೇ ಗೊತ್ತಾಗುತ್ತೆ, ಹೇಳು ಅಂದಳು. ಹೇಳಲ್ಲ ಅಂದೆ. ನನಗೂ ಹೇಳಲ್ವಾ ಅಂದಳು. ಹೇಳಲ್ಲಮ್ಮ ಅಂದೆ. ಆ ಕಡೆ ಮಗು ಏನೋ ಒಂದು ಶಬ್ದ ಮಾಡಿತು. ಎಷ್ಟು ಹತ್ತಿರ ಕೇಳಿಸಿತೆಂದರೆ ಕೈ ಚಾಚಿದರೆ ಸಿಗುವ ಹಾಗಿತ್ತು.

“ನೀನೂ ಅಪ್ಪನ ಹಾಗೇ ಆಗಿದೀಯ. ಇಬ್ರೂ ಹಠ ಹಿಡ್ಕೊಂಡು ಅಲ್ಲೇ ಕೂತಿರಿ,” ಅಂದು ಫೋನ್ ಇಟ್ಟಳು.

ಒಳಗೆ ಬಂದೆ. ಇವರು ಮೂಟೆಯ ಮೇಲೆ ಹಾಗೇ ಕೂತಿದ್ದರು, ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ಏನಂದಳು ಎಂದು ಕೇಳಿದರು. ನನ್ನನ್ನು ಹಠಮಾರಿ ಅಂದಳು ಅಂದೆ.

ಇವರು ತಲೆಯೆತ್ತಿದರು.

“ಪಾಪ ಅನ್ನಲಿಲ್ಲ ತಾನೇ?”

ಇಲ್ಲ, ಅನ್ನಲಿಲ್ಲ ಅಂದೆ. ಲೋಟದಲ್ಲಿ ಇನ್ನೊಂದು ಗುಟುಕು ಟೀ ಇತ್ತು. ಎತ್ತಿ ಹಿಡಿದೆ, ಕುಡಿದರು.